ಕೀನ್ಯಾದ ಸಿಸ್ಟರ್‌ಗಳ ಮಕ್ಕಳ ಮನೆಗೆ ಕಾರವಾರದಿಂದ ನೆರವು: ಹಣ, ಸಾಮಾನು, ಹೋಗಿಬರುವ ವಿಚಾರ

ಕೇಳಿದವರು, ಕಾರವಾರ: ನೈರೋಬಿ ಹತ್ತಿರ ಸಿಸ್ಟರ್‌ಗಳು ನಡೆಸುವ ಮಕ್ಕಳ ಮನೆಯೊಂದಿದೆ, ನಮ್ಮ ಕಡೆಯ ಸಿಸ್ಟರ್ ಒಬ್ಬರು ಅಲ್ಲಿದ್ದಾರೆ. ನಮ್ಮ ಇಗರ್ಜಿಯ ಹನ್ನೆರಡು ಮನೆಯವರು ಸೇರಿ ಸುಮಾರು 3 ಲಕ್ಷ ರೂಪಾಯಿ, ಜೊತೆಗೆ ಬಟ್ಟೆ, ಹಾಲಿನ ಪುಡಿ, ಔಷಧ ಕಳಿಸಬೇಕೆಂದಿದ್ದೇವೆ. ನರ್ಸಿಂಗ್ ಮುಗಿಸಿದ ಹುಡುಗಿಯೊಬ್ಬಳು ಎರಡು ತಿಂಗಳು ಸೇವೆಗೆ ಹೋಗುತ್ತೇನೆ ಅನ್ನುತ್ತಿದ್ದಾಳೆ. ತಿಳಿದವರು ಹೇಳಿ.

ಕುಮಟಾ, ಬ್ಯಾಂಕಿನವರು: ಸಂಘದ ಖಾತೆಯಿಂದ ಕಳಿಸುವ ಯೋಚನೆ ಬಿಡಿ. ಹೊರದೇಶಕ್ಕೆ ಹಣ ಕಳಿಸಲು ಇರುವ ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆ ವ್ಯಕ್ತಿಗಳಿಗೆ ಮಾತ್ರ, ಸಂಘ-ಟ್ರಸ್ಟ್‌ಗಳಿಗೆ ಇಲ್ಲ. ಹನ್ನೆರಡು ಮನೆಯ ದುಡ್ಡನ್ನು ಒಬ್ಬರ ಖಾತೆಗೆ ಸುರಿದರೆ, ಇದು ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಅವರೊಬ್ಬರೇ ಉತ್ತರ ಕೊಡುತ್ತ ಕೂರಬೇಕು. ದೊಡ್ಡ ಮೊತ್ತ ಕೊಡುವ ಮೂರು-ನಾಲ್ಕು ಮನೆಯವರು ತಮ್ಮ ತಮ್ಮ ಖಾತೆಯಿಂದಲೇ ಕಳಿಸಲಿ. ಐನೂರು, ಸಾವಿರ ಕೊಡುವವರು ಅಕ್ಟೋಬರಿನ ಮಿಶನ್ ಸಂಡೇ ಕಾಣಿಕೆಗೆ ಹಾಕಬಹುದು. ಆದರೆ ಅದು ಈ ಮನೆಗೇ ಹೋಗುವುದಿಲ್ಲ, ಎಲ್ಲ ಮಿಶನ್ನಿನ ನಿಧಿಗೆ ಸೇರುತ್ತದೆ.

ಬೇಕಾದದ್ದು ಪ್ಯಾನ್, ಎ2 ಫಾರ್ಮು (ಹೊರದೇಶಕ್ಕೆ ಹಣ ಕಳಿಸುವ ಅರ್ಜಿ), ಅಲ್ಲಿಯವರ ಲೆಟರ್‌ಹೆಡ್ ಮೇಲೆ ಖಾತೆಯ ವಿವರ. ಉದ್ದೇಶದ ಕೋಡ್ ಎಸ್1303, ಅಂದರೆ ಹೊರದೇಶದ ಧಾರ್ಮಿಕ ಮತ್ತು ದತ್ತಿ ಸಂಸ್ಥೆಗೆ ದಾನ. ಕೌಂಟರಿನಲ್ಲಿ ಅಭ್ಯಾಸಬಲದಿಂದ 1302 (ವ್ಯಕ್ತಿಗೆ ಉಡುಗೊರೆ) ಹಾಕಿಬಿಡುತ್ತಾರೆ, ಸಹಿ ಮಾಡುವ ಮೊದಲು ನೋಡಿ. ವರ್ಷಕ್ಕೆ 10 ಲಕ್ಷ ದಾಟದಿದ್ದರೆ ಟಿಸಿಎಸ್ (ಕಳಿಸುವಾಗಲೇ ಬ್ಯಾಂಕು ವಸೂಲು ಮಾಡುವ ತೆರಿಗೆ) ಇಲ್ಲ. ದಾನಕ್ಕೆ ಸಿಗುವ 80ಜಿ ಆದಾಯ ತೆರಿಗೆ ರಿಯಾಯಿತಿಯೂ ಇಲ್ಲ, ಹಣ ಹೊರದೇಶದ ಸಂಸ್ಥೆಗೆ ಹೋಗುತ್ತದಲ್ಲ.

ಹಣ ವಾಪಸು ಬರುವುದು ಹೆಚ್ಚಾಗಿ ಹೆಸರಿನ ಗೊಂದಲದಿಂದ. ಮಕ್ಕಳ ಮನೆಗೆ ಒಂದು ಹೆಸರಿರುತ್ತದೆ, ಖಾತೆ ಮಾತ್ರ 'ದಿ ರಿಜಿಸ್ಟರ್ಡ್ ಟ್ರಸ್ಟೀಸ್ ಆಫ್…' ಎಂದು ಸಭೆಯ (ಸಿಸ್ಟರ್‌ಗಳ ಧಾರ್ಮಿಕ ಸಂಸ್ಥೆಯ) ಹೆಸರಿನಲ್ಲಿರುತ್ತದೆ. ಖಾತೆಯಲ್ಲಿ ಇದ್ದಂತೆಯೇ ಬರೆಯಿರಿ. ಬ್ಯಾಂಕುಗಳ ನಡುವಿನ ಹಳೇ ಮಾದರಿಯ ಸ್ವಿಫ್ಟ್ ಸಂದೇಶದಲ್ಲಿ ಒಂದು ಸಾಲಿಗೆ 35 ಅಕ್ಷರ ಮಾತ್ರ ಇತ್ತು, ಈಗಲೂ ಫಾರ್ಮಿನಲ್ಲಿ ಉದ್ದದ ಹೆಸರು ಅರ್ಧಕ್ಕೆ ತುಂಡಾಗಬಹುದು. ಹಾಗಾದರೆ ಎರಡನೇ ಸಾಲಿಗೆ ಮುಂದುವರಿಸಲು ಹೇಳಿ. ಕೀನ್ಯಾದಲ್ಲಿ ಐಬಾನ್ (ಯುರೋಪಿನಂಥ ಕಡೆ ಬಳಸುವ ಅಂತರರಾಷ್ಟ್ರೀಯ ಖಾತೆ ಸಂಖ್ಯೆ) ಇಲ್ಲ, ಆ ಜಾಗ ಖಾಲಿ ಅಂತ ಗಾಬರಿ ಬೇಡ. ಶುಲ್ಕದ ಕಾಲಮ್ಮಿನಲ್ಲಿ 'ಅವರ್' (OUR) ಆರಿಸಿದರೆ ಖರ್ಚು ನಿಮ್ಮದು. 'ಶೇರ್' (SHA) ಆದರೆ ನಡುವಿನ ಬ್ಯಾಂಕು ದಾನದಲ್ಲೇ ಮುರಿದುಕೊಳ್ಳುತ್ತದೆ. ವಾಪಸು ಬಂದ ಹಣ ಅವತ್ತಿನ ದರಕ್ಕೆ, ಶುಲ್ಕ ಕಳೆದು ಬರುತ್ತದೆ.

ಹೊನ್ನಾವರ, ಕಾನ್ವೆಂಟಿನ ಲೆಕ್ಕಪತ್ರ ನೋಡುವವರು: ನಿಮ್ಮ ಕಡೆಯ ಸಿಸ್ಟರ್‌ನ ಸ್ವಂತ ಹೆಸರಿಗೆ ಕಳಿಸಲೇಬೇಡಿ. ಅವರು ಬಡತನದ ವ್ರತ ತೊಟ್ಟವರು. ಹಣ ಸಭೆಯ ಖಾತೆಗೆ ಹೋಗಿ, ಬರ್ಸರ್ (ಹಣಕಾಸು ನೋಡುವ) ಸಿಸ್ಟರ್ ಅವರ ಲೆಕ್ಕದ ಪುಸ್ತಕದಲ್ಲಿ ಏರಬೇಕು, ಇಲ್ಲದಿದ್ದರೆ ನಾಳೆ ಅವರಿಗೇ ಮುಜುಗರ. ರಸೀದಿ ಕೇಳಲು ಸಂಕೋಚ ಬೇಡ, ಒಳ್ಳೆಯ ಮನೆಯವರು ಕೇಳುವ ಮೊದಲೇ ಕೊಡುತ್ತಾರೆ.

ಜೊತೆಗೊಂದು ಪತ್ರವಿರಲಿ. ಚರ್ಚಿನ ಕಾನೂನಿನ ಕ್ಯಾನನ್ 1267ರ ಪ್ರಕಾರ ಒಂದು ಉದ್ದೇಶಕ್ಕೆ ಕೊಟ್ಟದ್ದನ್ನು ಅದಕ್ಕೇ ಬಳಸಬೇಕು. 'ಹತ್ತು ಮಂಚಕ್ಕೆ' ಅಂತ ಬರೆದರೆ ಅಡುಗೆಯವಳ ಸಂಬಳ ಬಾಕಿಯಿದ್ದರೂ ಮಂಚವೇ ತರಬೇಕು! 'ಮಕ್ಕಳ ಪಾಲನೆ, ಶಾಲೆ, ಔಷಧ, ಸಿಬ್ಬಂದಿ ಸಂಬಳ' ಎಂದು ಅಗಲವಾಗಿ ಬರೆಯಿರಿ. ದಾನಿಗಳಿಗೆ ಗೋಡೆಯ ಮೇಲಿನ ಕಲ್ಲಿನ ಫಲಕದ ಆಸೆ, ಮನೆ ನಡೆಯುವುದು ಸಂಬಳದ ಮೇಲೆ.

ಅಂಕೋಲಾ, ಕಾರ್ಗೋ ಕೆಲಸದವರು: ಸಾಮಾನು ಬೇಡವೇ ಬೇಡ ಮಾರಾಯ್ರೆ. ವಿಮಾನದ ಕೊರಿಯರ್‌ನಲ್ಲಿ ತೂಕದ ಜೊತೆ ಗಾತ್ರವನ್ನೂ ಲೆಕ್ಕ ಹಾಕುತ್ತಾರೆ: ಉದ್ದ × ಅಗಲ × ಎತ್ತರ (ಸೆಂ.ಮೀ.) ÷ 5000. 60×40×40ರ ಡಬ್ಬಿಯಲ್ಲಿ 9 ಕಿಲೋ ಸ್ವೆಟರ್ ಇದ್ದರೂ 19.2 ಕಿಲೋದ ದುಡ್ಡು. ಮೇಲಿಂದ ಅಲ್ಲಿನ ಸುಂಕ. ಹಳೇ ಬಟ್ಟೆಯ ಸಂತೆ ನೈರೋಬಿಯಲ್ಲೇ ಭರ್ಜರಿಯಾಗಿದೆ.

ಶಿಶುಗಳ ಹಾಲಿನ ಪುಡಿಯನ್ನು ದಾನವಾಗಿ ಕೊಡುವುದಕ್ಕೆ ಕೀನ್ಯಾದಲ್ಲಿ 2012ರ ಕಾಯ್ದೆಯ ತಡೆಯಿದೆ. ಔಷಧಕ್ಕೆ ಅಲ್ಲಿನ ಫಾರ್ಮಸಿ ಆ್ಯಂಡ್ ಪಾಯಿಸನ್ಸ್ ಬೋರ್ಡಿನ ಅನುಮತಿ ಬೇಕು. ಹೋಗುವವರು ಬಟ್ಟೆಯನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿಕೊಂಡು ಹೋಗಬೇಡಿ. 2017ರ ಆಗಸ್ಟಿನಿಂದ ಅಲ್ಲಿ ಪ್ಲಾಸ್ಟಿಕ್ ಕೈಚೀಲಗಳ ನಿಷೇಧ, ವಿಮಾನ ನಿಲ್ದಾಣದಲ್ಲೇ ಬಿಡಿಸುತ್ತಾರೆ.

ಶಿರಸಿ, ಮಕ್ಕಳ ರಕ್ಷಣೆ ಕ್ಷೇತ್ರದವರು: ಹುಡುಗಿಯ ವಿಷಯಕ್ಕೆ ಬರೋಣ. ಇ-ಟಿಎ ಅನ್ನುವುದು (ಕೀನ್ಯಾಕ್ಕೆ ಹೋಗಲು ಆನ್‌ಲೈನಿನಲ್ಲಿ ಪಡೆಯುವ ಪ್ರವೇಶಾನುಮತಿ) ಭೇಟಿಗೆ. ಸಂಬಳವಿಲ್ಲದ ಸೇವೆಗೂ ಸ್ಪೆಷಲ್ ಪಾಸ್ (ಅಲ್ಪಾವಧಿ ಕೆಲಸದ ಅನುಮತಿ) ಬೇಕು, ಅದನ್ನು ಅಲ್ಲಿನ ಸಿಸ್ಟರ್‌ಗಳೇ ಅರ್ಜಿ ಹಾಕಿ ತೆಗೆಸಬೇಕು. ಅಲ್ಲಿನ ನರ್ಸಿಂಗ್ ಕೌನ್ಸಿಲಿನ ಒಪ್ಪಿಗೆ ಇಲ್ಲದೆ ಇಂಜೆಕ್ಷನ್ ಹಿಡಿಯುವಂತಿಲ್ಲ. ಪಾಸ್‌ಪೋರ್ಟ್ ಸೇವಾದಲ್ಲಿ ಪೊಲೀಸ್ ಕ್ಲಿಯರೆನ್ಸ್‌ಗೆ 500 ರೂಪಾಯಿ. ಮಕ್ಕಳ ಜೊತೆ ಒಬ್ಬಳೇ ಇರಬಾರದು, ಮಕ್ಕಳ ಮುಖದ ಫೋಟೊ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹೋಗಬಾರದು. ಇದನ್ನೆಲ್ಲ ಬರೆಸಿ ಸಹಿ ಮಾಡಿಸಿಕೊಳ್ಳದ ಮನೆಯಾದರೆ ನನಗೆ ಅನುಮಾನವೇ.

ಯಾರು ಬಂದರೂ ಓಡಿ ಬಂದು ಕಾಲಿಗೆ ಅಂಟಿಕೊಳ್ಳುವ ಮಗುವನ್ನು ಕಂಡು ಜನ ಕರಗುತ್ತಾರೆ. ಅದು ಪ್ರೀತಿ ಹೆಚ್ಚಾಗಿ ಅಲ್ಲ. ತನ್ನವರು ಅಂತ ಯಾರೂ ನಿಲ್ಲದ ಮಗು ಹಾಗೆ ಮಾಡುತ್ತದೆ. ಎರಡು ತಿಂಗಳು ಎತ್ತಿ ಆಡಿಸಿ ಹೊರಟುಬಿಟ್ಟರೆ ಅದಕ್ಕೆ ಇನ್ನೊಂದು ಪೆಟ್ಟು. ಅದೇ ಟಿಕೆಟಿನ ದುಡ್ಡು ಅಲ್ಲಿನ ನರ್ಸ್ ಒಬ್ಬಳ ಸಂಬಳಕ್ಕೆ ಹೋದರೆ ಹೆಚ್ಚು ಪ್ರಯೋಜನ.

ಇಂಥ ಮನೆಗಳ ಎಷ್ಟೋ ಮಕ್ಕಳಿಗೆ ತಾಯಿಯೋ ಅಜ್ಜಿಯೋ ಬದುಕಿರುತ್ತಾರೆ. ಕೀನ್ಯಾ ಸರ್ಕಾರವೇ 2022ರಿಂದ 2032ರ ತನಕದ ಯೋಜನೆ ಹಾಕಿ, ಮಕ್ಕಳನ್ನು ಸಂಸ್ಥೆಗಳಿಂದ ಕುಟುಂಬಗಳಿಗೆ ಮರಳಿಸುತ್ತಿದೆ. ಹೊಸ ಕಟ್ಟಡಕ್ಕೆ ಅಂತ ಕೇಳಿದರೆ ಯೋಚಿಸಿ. ನ್ಯುಂಬಾನಿ ನೋಡಿ: ಫಾದರ್ ಡಿ'ಅಗೊಸ್ಟಿನೊ ಮತ್ತು ಲೊರೆಟೊ ಸಭೆಯ ಸಿಸ್ಟರ್ ಮೇರಿ ಓವೆನ್ಸ್ 1992ರಲ್ಲಿ ನೈರೋಬಿಯಲ್ಲಿ ಎಚ್‌ಐವಿ ಪೀಡಿತ ಮಕ್ಕಳಿಗೆ ಶುರು ಮಾಡಿದ ಮನೆ. ಆಮೇಲೆ ಅವರೇ ಕೀನ್ಯಾದ ಕಿಟುಯಿ ಎಂಬಲ್ಲಿ ಅನಾಥ ಮಕ್ಕಳು ಅಜ್ಜಿಯರ ಜೊತೆ ಒಂದೇ ಸೂರಿನಡಿ ಇರುವ ಹಳ್ಳಿ ಕಟ್ಟಿದರು. ನಿಮ್ಮ ಸಿಸ್ಟರ್‌ಗೆ ಎರಡೇ ಪ್ರಶ್ನೆ ಕೇಳಿ: ಸಮಾಜ ಕಾರ್ಯಕರ್ತೆ ಇದ್ದಾರಾ, ಕಳೆದ ವರ್ಷ ಎಷ್ಟು ಮಕ್ಕಳು ಮನೆಗೆ ಮರಳಿದರು?

ಕೇಳಿದವರು: ಸರಿ, ಸಾಮಾನು ಬಿಟ್ಟೆವು. ನಮ್ಮಲ್ಲಿ ಇಬ್ಬರು ಹಿರಿಯರು ಹೇಗೂ ಒಂದು ವಾರ ನೋಡಿಬರುತ್ತಾರಂತೆ. ಹಳದಿ ಜ್ವರದ ಸೂಜಿ ಕಾರವಾರದಲ್ಲೇ ಸಿಗುತ್ತದಾ?

ಅಂಕೋಲಾ: ಗೋವಾದ ಮುರ್ಮುಗಾವ್ ಬಂದರಿನ ಆರೋಗ್ಯ ಕಚೇರಿ ನಿಮಗೆ ಹತ್ತಿರ. ಬಾಟಲಿ ಒಮ್ಮೆ ಒಡೆದರೆ ಕೆಲವೇ ಗಂಟೆ ಉಳಿಯುತ್ತದೆ, ಅದಕ್ಕೇ ಜನರನ್ನು ಗೊತ್ತಾದ ದಿನ ಒಟ್ಟಿಗೆ ಕರೆಯುತ್ತಾರೆ. ಫೋನ್ ಮಾಡಿ ಹೋಗಿ. ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲು ಆಗಬೇಕು, ಕಾರ್ಡು ಜೀವನಪೂರ್ತಿ ನಡೆಯುತ್ತದೆ. ಕಾರ್ಡಿಲ್ಲದೆ ಕೀನ್ಯಾದಿಂದ ಮರಳಿದರೆ ನಮ್ಮವರೇ 6 ದಿನದವರೆಗೆ ಕ್ವಾರಂಟೈನಿನಲ್ಲಿ ಕೂರಿಸಬಹುದು. 60 ದಾಟಿದವರಾದರೆ ಮೊದಲು ತಮ್ಮ ಡಾಕ್ಟರನ್ನು ಕೇಳಲಿ, ಆ ವಯಸ್ಸಿನಲ್ಲಿ ಈ ಸೂಜಿಗೆ ಅಡ್ಡಪರಿಣಾಮದ ಭಯ ಜಾಸ್ತಿ.