ನವಜಾತ ಶಿಶುವಿನ ಮೆನಿಂಜೈಟಿಸ್: ಪ್ರಯೋಗಾಲಯದ ಯಾವ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬೇಕು?

ಪ್ರಶ್ನೆ: ಪ್ರಯೋಗಾಲಯ ತಂತ್ರಜ್ಞೆ, ಮಧುಗಿರಿ

ಎಲ್ಲರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ಮಧುಗಿರಿ ಕಡೆಯ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದೇನೆ. ಮೆನಿಂಜೈಟಿಸ್ (ಮಿದುಳಿನ ಪೊರೆಯ ಸೋಂಕು) ಇದೆಯೇ ಎಂದು ನೋಡಲು ಹಸುಗೂಸುಗಳ ಬೆನ್ನಿನ ನೀರು, ಅಂದರೆ ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿನ ದ್ರವವಾದ ಸಿಎಸ್‌ಎಫ್, ನಮ್ಮಲ್ಲಿಗೆ ಪರೀಕ್ಷೆಗೆ ಬರುವುದು ಅಪರೂಪ. ಬಂದಾಗಲೆಲ್ಲ ವರದಿ ಬರೆಯುವುದು ಕಷ್ಟವಾಗುತ್ತದೆ, ಏಕೆಂದರೆ ವರದಿ ನಮೂನೆಯಲ್ಲಿ ಅಚ್ಚಾಗಿರುವ ಸಾಮಾನ್ಯ ಮಟ್ಟಗಳು ದೊಡ್ಡವರವು: ಬಿಳಿ ರಕ್ತಕಣ ಐದರೊಳಗೆ, ಪ್ರೋಟೀನ್ ಡೆಸಿಲೀಟರಿಗೆ 15ರಿಂದ 45 ಮಿಲಿಗ್ರಾಂ. ಆ ಅಳತೆಯಿಂದ ನೋಡಿದರೆ ಹುಟ್ಟಿ ಒಂದೆರಡು ವಾರವಾದ ಆರೋಗ್ಯವಂತ ಶಿಶುಗಳ ಫಲಿತಾಂಶವೂ ಅಸಹಜವೆಂದೇ ಕಾಣುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ಕೇಳುತ್ತೇನೆ. ತುಂಬು ತಿಂಗಳಿಗೆ ಹುಟ್ಟಿದ, ಒಂಬತ್ತು ದಿನದ ಶಿಶು. ಹಾಲು ಕುಡಿಯುತ್ತಿಲ್ಲ, ಮೈ ಬಿಸಿಯಿದೆ. ಬೆನ್ನಿನ ನೀರಿನಲ್ಲಿ ಘನ ಮಿಲಿಮೀಟರಿಗೆ 24 ಬಿಳಿ ಕಣ, 1800 ಕೆಂಪು ಕಣ, ಪ್ರೋಟೀನ್ 128, ಗ್ಲೂಕೋಸ್ 38. ಬ್ಯಾಕ್ಟೀರಿಯಾ ಕಾಣಲು ಬಣ್ಣ ಹಾಕುವ ಗ್ರಾಂ ಸ್ಟೇನ್‌ನಲ್ಲಿ ಏನೂ ಕಾಣುವುದಿಲ್ಲ. ರಕ್ತದ ಸಿಆರ್‌ಪಿ (ಉರಿಯೂತ ಇದ್ದಾಗ ಏರುವ ಪ್ರೋಟೀನ್) ಲೀಟರಿಗೆ 6 ಮಿಲಿಗ್ರಾಂ. ಇದನ್ನು ಹೇಗೆ ಓದಬೇಕು? ಚುಚ್ಚುವಾಗ ಬೆರೆತ ರಕ್ತದ ಕೆಂಪು ಕಣಗಳ ಲೆಕ್ಕ ಹಿಡಿದು ಬಿಳಿ ಕಣಗಳನ್ನು ಕಳೆದು ಬರೆಯಬೇಕೆ? ಪ್ರೊಕ್ಯಾಲ್ಸಿಟೋನಿನ್ (ಸೋಂಕಿನಲ್ಲಿ ರಕ್ತದಲ್ಲಿ ಏರುವ ವಸ್ತು), ಬೆನ್ನಿನ ನೀರಿನ ಲ್ಯಾಕ್ಟೇಟ್, ಪಿಸಿಆರ್ (ರೋಗಾಣುವಿನ ಜೀನು ಹುಡುಕುವ ಪರೀಕ್ಷೆ) ಮುಂತಾದ ಹೊಸ ಪರೀಕ್ಷೆಗಳನ್ನು ತರಿಸಿಕೊಂಡರೆ ಈ ಗೊಂದಲ ಕಳೆಯುತ್ತದೆಯೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಉತ್ತರ: ಮಕ್ಕಳ ತಜ್ಞ, ತುಮಕೂರು

ನಮಸ್ಕಾರ ಮೇಡಂ. ಮೊದಲಿಗೆ ವರದಿ ನಮೂನೆಯ ವಿಷಯ. ಅದರಲ್ಲಿ ನವಜಾತ ಶಿಶುವಿಗೆಂದೇ ಪ್ರತ್ಯೇಕ ಸಾಲು ಇರಲೇಬೇಕು. ಮೊದಲ 28 ದಿನಗಳಲ್ಲಿ, ಸೋಂಕಿಲ್ಲದ ತುಂಬು ತಿಂಗಳ ಶಿಶುವಿನಲ್ಲೂ ಬಿಳಿ ಕಣಗಳು ಹದಿನೆಂಟು ಇಪ್ಪತ್ತರವರೆಗೆ ಇರಬಹುದು. ರಕ್ತ ಮತ್ತು ಮಿದುಳಿನ ನಡುವಿನ ತಡೆ ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಪ್ರೋಟೀನ್ 100ರಿಂದ 120ರವರೆಗೂ, ಅವಧಿಗೆ ಮುನ್ನ ಹುಟ್ಟಿದವರಲ್ಲಿ 150ರವರೆಗೂ ಇರುವುದುಂಟು. ಆದ್ದರಿಂದ ನಿಮ್ಮ ಉದಾಹರಣೆಯ 24 ಮತ್ತು 128 ಎರಡೂ ಗಡಿಯ ಆಚೆಗೆ ಸ್ವಲ್ಪವೇ ದಾಟಿದ ಅಂಕಿಗಳು. ಅವು ರೋಗವಿದೆ ಎಂದು ಸಾಧಿಸುವುದೂ ಇಲ್ಲ, ಇಲ್ಲವೆಂದು ಧೈರ್ಯ ಕೊಡುವುದೂ ಇಲ್ಲ.

ಗ್ಲೂಕೋಸ್ 38 ಎಂಬುದನ್ನು ಒಂಟಿಯಾಗಿ ಓದಲು ಬರುವುದಿಲ್ಲ. ಅದೇ ಹೊತ್ತಿನಲ್ಲಿ ರಕ್ತದ ಗ್ಲೂಕೋಸ್ 58 ಇದ್ದರೆ ಬೆನ್ನಿನ ನೀರಿನಲ್ಲಿ ಅದರ ಮೂರನೇ ಎರಡು ಭಾಗದಷ್ಟಿದೆ ಎಂದಾಯಿತು, ಅದು ಸಹಜ. ರಕ್ತದಲ್ಲಿ 110 ಇದ್ದರೆ ಮೂರನೇ ಒಂದು ಭಾಗ ಮಾತ್ರ, ಆಗ ಚಿಂತಿಸಬೇಕು. ಹಸುಗೂಸಿನ ರಕ್ತದ ಸಕ್ಕರೆಯೇ ಏರಿಳಿಯುತ್ತಿರುತ್ತದೆ. ಹಾಗಾಗಿ ಬೆನ್ನಿನ ನೀರು ತೆಗೆಯುವ ಮುನ್ನವೇ ರಕ್ತದ ಗ್ಲೂಕೋಸ್ ನೋಡಿ ಬರೆದಿಡಬೇಕು. ಚುಚ್ಚಿದ ಮೇಲೆ ನೋಡಿದರೆ ಅಳು ಮತ್ತು ನೋವಿನಿಂದ ಏರಿದ ಸಕ್ಕರೆ ಲೆಕ್ಕವನ್ನು ಕೆಡಿಸುತ್ತದೆ.

ಸಿಆರ್‌ಪಿ 6 ಇರುವುದರಿಂದ ಸಮಾಧಾನಪಡಬೇಡಿ. ಇಂಟರ್‌ಲ್ಯೂಕಿನ್-6 ಎಂಬ ಸಂಕೇತ ಪ್ರೋಟೀನಿನ ಪ್ರಚೋದನೆಯಿಂದ ಯಕೃತ್ತು ಸಿಆರ್‌ಪಿಯನ್ನು ತಯಾರಿಸುತ್ತದೆ. ಸೋಂಕು ತಗುಲಿ ಆರರಿಂದ ಹನ್ನೆರಡು ಗಂಟೆಯಾದ ಮೇಲಷ್ಟೇ ಅದು ರಕ್ತದಲ್ಲಿ ಏರತೊಡಗುತ್ತದೆ, ತುದಿ ಮುಟ್ಟುವುದಕ್ಕೆ ಒಂದೂವರೆ ಎರಡು ದಿನ ಬೇಕು. ಶಿಶು ಹಾಲು ಬಿಟ್ಟ ದಿನವೇ ತೆಗೆದ ಮೊದಲ ನಮೂನೆಯಲ್ಲಿ ಅದು ಹತ್ತರೊಳಗಿದ್ದರೆ ಸೋಂಕಿಲ್ಲವೆಂದು ಅರ್ಥವಲ್ಲ. ಇಪ್ಪತ್ತನಾಲ್ಕು ಗಂಟೆ ಅಂತರದ ಎರಡು ನಮೂನೆಗಳೂ ಸಹಜವಾಗಿದ್ದು ಶಿಶು ಚೆನ್ನಾಗಿದ್ದರೆ ಮಾತ್ರ ಆ ಅಂಕಿಗೆ ಬೆಲೆ. ಪ್ರೊಕ್ಯಾಲ್ಸಿಟೋನಿನ್ ಇದಕ್ಕಿಂತ ಬೇಗ, ಕೆಲವೇ ಗಂಟೆಗಳಲ್ಲಿ ಏರುತ್ತದೆ. ಆದರೆ ಹುಟ್ಟಿದ ಮೊದಲ ಎರಡು ದಿನ ಆರೋಗ್ಯವಂತ ಶಿಶುವಿನಲ್ಲೂ ಅದು ಸಹಜವಾಗಿಯೇ ಏರಿರುವುದರಿಂದ ಗಂಟೆಗೆ ತಕ್ಕ ಕೋಷ್ಟಕವಿಲ್ಲದೆ ಓದುವುದು ತಪ್ಪು. ಒಂಬತ್ತನೆಯ ದಿನಕ್ಕೆ ಆ ತೊಡಕಿಲ್ಲ.

ನಾವೆಲ್ಲ ಮಾಡುವ ಸೆಪ್ಸಿಸ್ ಸ್ಕ್ರೀನ್, ಅಂದರೆ ಒಟ್ಟು ಬಿಳಿ ಕಣ 5000ಕ್ಕಿಂತ ಕಡಿಮೆ, ನ್ಯೂಟ್ರೋಫಿಲ್ (ಸೋಂಕನ್ನು ಎದುರಿಸುವ ಬಿಳಿ ಕಣ) ಕೊರತೆ, ಬಲಿಯದ ನ್ಯೂಟ್ರೋಫಿಲ್ ಪ್ರಮಾಣ ಶೇಕಡ 20ಕ್ಕಿಂತ ಹೆಚ್ಚು, ಕೆಂಪು ಕಣ ತಳಕ್ಕಿಳಿಯುವ ವೇಗ ತೋರಿಸುವ ಮೈಕ್ರೋ ಇಎಸ್‌ಆರ್ ಮತ್ತು ಸಿಆರ್‌ಪಿ, ರಕ್ತದ ಸೋಂಕಿನ ಬಗ್ಗೆ ಮಾತ್ರ ಹೇಳುತ್ತದೆ. ಸೋಂಕು ಮಿದುಳಿನ ಪೊರೆಗೆ ಇಳಿದಿದೆಯೋ ಇಲ್ಲವೋ ಎಂಬುದನ್ನು ರಕ್ತದ ಯಾವ ಪರೀಕ್ಷೆಯೂ ಹೇಳಲಾರದು. ರಕ್ತದ ಕಲ್ಚರ್‌ನಲ್ಲಿ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಏನೂ ಬೆಳೆಯಲಿಲ್ಲವೆಂದು ಬೆನ್ನಿನ ನೀರು ತೆಗೆಯುವುದನ್ನು ಕೈಬಿಡುವವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ಒಂಬತ್ತು ಸಾವಿರಕ್ಕೂ ಹೆಚ್ಚು ಶಿಶುಗಳ ಬೆನ್ನಿನ ನೀರನ್ನು ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಕಲ್ಚರ್‌ನಿಂದ ಮೆನಿಂಜೈಟಿಸ್ ದೃಢಪಟ್ಟ ಶಿಶುಗಳ ಪೈಕಿ ಶೇಕಡ 38ರಷ್ಟು ಮಂದಿಯ ರಕ್ತದ ಕಲ್ಚರ್ ನೆಗೆಟಿವ್ ಆಗಿತ್ತು. ಬಿಳಿ ಕಣ 21ಕ್ಕಿಂತ ಹೆಚ್ಚು ಎಂಬ ಗಡಿಯನ್ನು ಹಿಡಿದಾಗಲೂ ಐವರಲ್ಲಿ ಒಬ್ಬ ಶಿಶುವಿನ ರೋಗ ತಪ್ಪಿಹೋಗುತ್ತಿತ್ತು. ಆದ್ದರಿಂದ ನಿಮ್ಮ ಉದಾಹರಣೆಯ ಶಿಶುವಿಗೆ ನಾನಾದರೆ ಮೆನಿಂಜೈಟಿಸ್ ಪ್ರಮಾಣದ ಆಂಟಿಬಯಾಟಿಕ್ ಆರಂಭಿಸಿ, ಕಲ್ಚರ್ ವರದಿಗೆ ಕಾಯುತ್ತೇನೆ.

ಉತ್ತರ: ಸೂಕ್ಷ್ಮಜೀವಿಶಾಸ್ತ್ರ ವಿಭಾಗ, ಕೋಲಾರ

ಡಾಕ್ಟರರ ಮಾತಿಗೆ ಪ್ರಯೋಗಾಲಯದ ಕಡೆಯಿಂದ ಕೆಲವನ್ನು ಸೇರಿಸುತ್ತೇನೆ. ಕೆಂಪು ಕಣಗಳ ಲೆಕ್ಕ ಹಿಡಿದು ಬಿಳಿ ಕಣಗಳನ್ನು ಕಳೆಯಬೇಡಿ. ಐನೂರು ಕೆಂಪು ಕಣಕ್ಕೆ ಒಂದು ಬಿಳಿ ಕಣ, ಸಾವಿರಕ್ಕೆ ಒಂದು ಎಂದು ಕಳೆಯುವ ಸೂತ್ರಗಳು ನವಜಾತ ಶಿಶುಗಳಲ್ಲಿ ರೋಗನಿರ್ಣಯವನ್ನು ಉತ್ತಮಪಡಿಸಿಲ್ಲ. ನಿಜವಾದ ರೋಗಿಯ ಅಂಕಿಯನ್ನು ಗಡಿಯೊಳಕ್ಕೆ ಎಳೆದುಬಿಡುವ ಅಪಾಯವೇ ಹೆಚ್ಚು. ಎರಡು ಎಣಿಕೆಗಳನ್ನೂ ಇದ್ದಂತೆಯೇ ಬರೆಯಿರಿ. ಪ್ರೋಟೀನ್ ಕೂಡ ಪ್ರತಿ ಸಾವಿರ ಕೆಂಪು ಕಣಕ್ಕೆ ಒಂದೆರಡು ಮಿಲಿಗ್ರಾಂ ಮಾತ್ರ ಏರುತ್ತದೆ, ಆದ್ದರಿಂದ 1800 ಕೆಂಪು ಕಣ 128ಕ್ಕೆ ಕಾರಣವಾಗಲಾರದು.

ಎಣಿಕೆಯನ್ನು ಯಾವಾಗ ಮಾಡಿದಿರಿ ಎಂಬುದು ಎಷ್ಟು ಬಂತು ಎಂಬುದರಷ್ಟೇ ಮುಖ್ಯ. ಬೆನ್ನಿನ ನೀರಿನಲ್ಲಿ ನ್ಯೂಟ್ರೋಫಿಲ್‌ಗಳು ಬಹಳ ಬೇಗ ಒಡೆದುಹೋಗುತ್ತವೆ. ಕೋಣೆಯ ಉಷ್ಣತೆಯಲ್ಲಿ ಒಂದು ಗಂಟೆ ಇಟ್ಟರೆ ಸುಮಾರು ಮೂರನೇ ಒಂದು ಭಾಗ, ಎರಡು ಗಂಟೆಯಾದರೆ ಅರ್ಧದಷ್ಟು ಕಳೆದುಹೋಗಿರುತ್ತವೆ. ಪಾವಗಡದಲ್ಲಿ ತೆಗೆದ ನಮೂನೆಯನ್ನು ತುಮಕೂರಿಗೆ ಬಸ್ಸಿನಲ್ಲಿ ಕಳುಹಿಸಿ ಮಧ್ಯಾಹ್ನ ಎಣಿಸಿದರೆ ಬರುವ ಹನ್ನೆರಡು, ಬೆಳಿಗ್ಗೆ ಇಪ್ಪತ್ತನಾಲ್ಕು ಇದ್ದಿರಬಹುದು. ಅಷ್ಟೇ ಹೊತ್ತಿನಲ್ಲಿ ಕಣಗಳೂ ಬ್ಯಾಕ್ಟೀರಿಯಾಗಳೂ ಗ್ಲೂಕೋಸನ್ನು ತಿಂದು ಅದರ ಅಂಕಿಯನ್ನು ಇಳಿಸಿರುತ್ತವೆ. ನ್ಯೂಬಾವರ್ ಚೇಂಬರಿನಲ್ಲಿ (ಕಣ ಎಣಿಸಲು ಗೀಟು ಹಾಕಿದ ಗಾಜು) ಅಲ್ಲೇ ಎಣಿಸಿ, ಲೀಶ್‌ಮನ್ ಸ್ಟೇನ್ ಹಾಕಿದ ಸ್ಲೈಡಿನಲ್ಲಿ ಕಣಗಳ ಬಗೆಯನ್ನು ನೋಡುವುದು ತಾಲ್ಲೂಕು ಮಟ್ಟದಲ್ಲೂ ಸಾಧ್ಯ. ಇಷ್ಟು ಕಡಿಮೆ ಎಣಿಕೆಗೆ ರಕ್ತದ ಸ್ವಯಂಚಾಲಿತ ಯಂತ್ರವನ್ನು ಬಳಸಬೇಡಿ.

ಪಿಸಿಆರ್ ಬಗ್ಗೆ ಕೇಳಿದ್ದೀರಿ. ಫಿಲ್ಮ್‌ಅರೇ ಮೆನಿಂಜೈಟಿಸ್ ಪ್ಯಾನೆಲ್ ಎಂಬ ಪಿಸಿಆರ್ ಕಿಟ್ ಒಂದು ಗಂಟೆಯ ಆಸುಪಾಸಿನಲ್ಲಿ 14 ಜೀವಿಗಳನ್ನು ಹುಡುಕುತ್ತದೆ, ಆಂಟಿಬಯಾಟಿಕ್ ಕೊಟ್ಟ ಮೇಲೂ ಪ್ರಯೋಜನಕ್ಕೆ ಬರುತ್ತದೆ. ಆದರೆ ಆ ಪಟ್ಟಿಯಲ್ಲಿ ಗ್ರೂಪ್ ಬಿ ಸ್ಟ್ರೆಪ್ಟೋಕಾಕಸ್, ಲಿಸ್ಟೀರಿಯಾ, ಇ. ಕೋಲೈಯ ಕೆ1 ಬಗೆ ಇವೆಯೇ ಹೊರತು ನಮ್ಮ ದೇಶದ ನವಜಾತ ಘಟಕಗಳಲ್ಲಿ ಹೆಚ್ಚಾಗಿ ಕಾಣುವ ಕ್ಲೆಬ್ಸಿಯೆಲ್ಲಾ ಮತ್ತು ಅಸಿನೆಟೊಬ್ಯಾಕ್ಟರ್ ಇಲ್ಲ. ಆ ಪ್ಯಾನೆಲ್ ನೆಗೆಟಿವ್ ಬಂದಿತೆಂದು ಚಿಕಿತ್ಸೆ ನಿಲ್ಲಿಸುವುದು ನಮ್ಮಲ್ಲಿ ಅಪಾಯಕಾರಿ. ಯಾವ ಔಷಧಿ ಕೆಲಸ ಮಾಡುತ್ತದೆ ಎಂಬುದನ್ನೂ ಅದು ಹೇಳುವುದಿಲ್ಲ. ಅದಕ್ಕೆ ಕಲ್ಚರ್ ಬೇಕೇ ಬೇಕು. ಲ್ಯಾಕ್ಟೇಟ್ ದೊಡ್ಡವರಲ್ಲಿ ಬ್ಯಾಕ್ಟೀರಿಯಾ ಮತ್ತು ವೈರಸ್ ಸೋಂಕುಗಳನ್ನು ಬೇರ್ಪಡಿಸಲು ಒಳ್ಳೆಯ ಪರೀಕ್ಷೆಯೇ. ಆದರೆ ಹುಟ್ಟುವಾಗ ಉಸಿರುಕಟ್ಟಿದ ಅಥವಾ ಫಿಟ್ಸ್ ಬಂದ ಶಿಶುವಿನಲ್ಲಿ ಸೋಂಕಿಲ್ಲದೆಯೂ ಅದು ಏರಿರುತ್ತದೆ.

ಉತ್ತರ: ಶುಶ್ರೂಷಾಧಿಕಾರಿ, ನವಜಾತ ಶಿಶು ಘಟಕ, ಚಿಕ್ಕಬಳ್ಳಾಪುರ

ನಮೂನೆ ನಿಮ್ಮ ಮೇಜಿಗೆ ಬರುವ ಮುಂಚಿನ ಕೆಲಸದ ಬಗ್ಗೆ ಎರಡು ಮಾತು. ಬೆನ್ನಿನ ನೀರನ್ನು ನಾವು ಮೂರು ಟ್ಯೂಬುಗಳಿಗೆ ಹಿಡಿಯುತ್ತೇವೆ: ಮೊದಲನೆಯದು ಕಲ್ಚರ್‌ಗೆ, ಎರಡನೆಯದು ಗ್ಲೂಕೋಸ್ ಮತ್ತು ಪ್ರೋಟೀನ್‌ಗೆ, ಚುಚ್ಚಿದ ರಕ್ತ ತಿಳಿಯಾಗಿ ಬರುವ ಕೊನೆಯದು ಎಣಿಕೆಗೆ. ಪ್ರತಿ ಟ್ಯೂಬಿನ ಮೇಲೂ ತೆಗೆದ ಗಂಟೆಯನ್ನು, ಅದಕ್ಕೆ ಮುನ್ನ ಆಂಟಿಬಯಾಟಿಕ್ ಕೊಟ್ಟಿದ್ದರೆ ಆ ಗಂಟೆಯನ್ನೂ ಬರೆಯುತ್ತೇವೆ. ಕಲ್ಚರ್ ಟ್ಯೂಬನ್ನು ಫ್ರಿಜ್ಜಿನಲ್ಲಿ ಇಡಲೇಬಾರದು. ಶಿಶುವನ್ನು ಹಿಡಿಯುವಾಗ ಕುತ್ತಿಗೆಯನ್ನು ಬಗ್ಗಿಸಿದರೆ ಉಸಿರು ನಿಲ್ಲಬಹುದು, ಆದ್ದರಿಂದ ಸೊಂಟವನ್ನಷ್ಟೇ ಬಗ್ಗಿಸಿ, ಪಲ್ಸ್ ಆಕ್ಸಿಮೀಟರ್ ಹಾಕಿಕೊಂಡೇ ಹಿಡಿಯಬೇಕು. ಶಿಶುವಿನ ಸ್ಥಿತಿ ಗಂಭೀರವಾಗಿ ಬೆನ್ನಿಗೆ ಚುಚ್ಚಲಾಗದಿದ್ದರೆ ರಕ್ತದ ಕಲ್ಚರ್ ತೆಗೆದು ಔಷಧಿಯನ್ನು ಮೊದಲು ಕೊಡುತ್ತೇವೆ. ಬೆನ್ನಿನ ನೀರಿಗಾಗಿ ಔಷಧಿಯನ್ನು ತಡಮಾಡುವುದಿಲ್ಲ.

ಪ್ರಯೋಗಾಲಯ ತಂತ್ರಜ್ಞೆ, ಮಧುಗಿರಿ

ಮೂವರಿಗೂ ತುಂಬಾ ಧನ್ಯವಾದಗಳು. ಶಿಶುಗಳ ಮಟ್ಟಗಳನ್ನೂ, ತೆಗೆದ ಮತ್ತು ಎಣಿಸಿದ ಗಂಟೆಗಳನ್ನೂ ವರದಿ ನಮೂನೆಯಲ್ಲಿ ಸೇರಿಸಲು ನಮ್ಮ ವೈದ್ಯಾಧಿಕಾರಿಗಳಿಗೆ ಇಂದೇ ಬರೆದುಕೊಡುತ್ತೇನೆ. ಇನ್ನೊಂದು ಸಂದೇಹ: ಔಷಧಿ ಆರಂಭಿಸಿದ ಎರಡು ದಿನಕ್ಕೆ ಅದೇ ಶಿಶುವಿನ ಬೆನ್ನಿನ ನೀರು ಮತ್ತೊಮ್ಮೆ ಬಂದರೆ, ಬಿಳಿ ಕಣಗಳು ಮೊದಲಿಗಿಂತ ಹೆಚ್ಚಾಗಿದ್ದರೆ ಏನೆಂದು ತಿಳಿಯಬೇಕು?

ಮಕ್ಕಳ ತಜ್ಞ, ತುಮಕೂರು

ಕ್ಲೆಬ್ಸಿಯೆಲ್ಲಾದಂಥ ಗ್ರಾಂ ನೆಗೆಟಿವ್ ಸೋಂಕಿನಲ್ಲಿ ಒಂದೆರಡು ದಿನದ ಬಳಿಕ ಮತ್ತೆ ನೀರು ತೆಗೆಯುವುದು ಕಲ್ಚರ್ ಸ್ವಚ್ಛವಾಯಿತೇ ಎಂದು ನೋಡಲಿಕ್ಕೆ. ಕಣಗಳು ಹಲವು ದಿನ ಏರಿಯೇ ಇರಬಹುದು. ಅದರಿಂದ ಚಿಕಿತ್ಸೆ ಸೋತಿತೆಂದು ತೀರ್ಮಾನಿಸುವುದಿಲ್ಲ. ಕಲ್ಚರ್ ಆಗಲೂ ಬೆಳೆಯುತ್ತಿದ್ದರೆ ಮಾತ್ರ ಔಷಧಿಯನ್ನು ಬದಲಿಸಬೇಕು, ತಲೆಯ ಸ್ಕ್ಯಾನ್ ಮಾಡಿಸಿ ಕೀವು ಕಟ್ಟಿದೆಯೇ ನೋಡಬೇಕು. ಒಟ್ಟು ಚಿಕಿತ್ಸೆ ಕನಿಷ್ಠ 21 ದಿನ, ಕಲ್ಚರ್ ಸ್ವಚ್ಛವಾದ ದಿನದಿಂದ ಕನಿಷ್ಠ 14 ದಿನ ಎಂದು ಲೆಕ್ಕ ಹಾಕುತ್ತೇವೆ. ಆದ್ದರಿಂದ ಎರಡನೆಯ ನಮೂನೆಯಲ್ಲಿ ಏನೂ ಬೆಳೆಯದಿದ್ದರೂ, ಆ ವರದಿಯನ್ನು ದಿನಾಂಕದೊಡನೆ ತಪ್ಪದೆ ಕಳುಹಿಸಿಕೊಡಿ.