ಕೊಳಲು ಮೂರನೆಯದಾಗಬಹುದೇ?

ನಾನು: ಎಲ್ಲರಿಗೂ ನಮಸ್ಕಾರ. ನನಗೆ ಬಂದ ಒಂದು ಸಮಸ್ಯೆಯನ್ನು ಇಲ್ಲಿ ಹಾಕುತ್ತಿದ್ದೇನೆ. ಊರಹಬ್ಬದ ವೇದಿಕೆಯಲ್ಲಿ ವೀಣೆ, ಕೊಳಲು, ಗಮಕ, ಹರಿಕಥೆ, ಭರತನಾಟ್ಯ, ಯಕ್ಷಗಾನ ಎಂಬ ಆರು ಕಾರ್ಯಕ್ರಮಗಳು ಒಂದಾದ ಮೇಲೊಂದು ನಡೆಯಬೇಕು. ನಿಯಮಗಳು ನಾಲ್ಕು. ವೀಣೆಯ ಅನಂತರ ಕೊಳಲು, ಕೊಳಲಿನ ಅನಂತರ ಭರತನಾಟ್ಯ. ಗಮಕ ಮುಗಿದ ಕೂಡಲೇ ಹರಿಕಥೆ. ಯಕ್ಷಗಾನ ಮೊದಲನೆಯದು, ಇಲ್ಲವೇ ಕೊನೆಯದು. ಯಕ್ಷಗಾನ ಮೊದಲನೆಯದಾದರೆ ಹರಿಕಥೆ ವೀಣೆಗಿಂತ ಮುಂಚೆ ನಡೆಯಬೇಕು. ಪ್ರಶ್ನೆಗಳು ಎರಡು. ಹರಿಕಥೆ ವೀಣೆಗಿಂತ ಮುಂಚೆ ಇದೆಯೆಂದು ಗೊತ್ತಾದರೆ ಯಕ್ಷಗಾನದ ಸ್ಥಾನವನ್ನು ಹೇಳಬಹುದೇ? ಕೊಳಲು ಮೂರನೆಯದಾಗಬಹುದೇ?

ಭಾವ: ಮೊದಲ ಪ್ರಶ್ನೆಗೆ ಯೋಚಿಸುವ ಅಗತ್ಯವೇ ಇಲ್ಲ. ನಾಲ್ಕನೆಯ ನಿಯಮ ಯಕ್ಷಗಾನವನ್ನೂ ಹರಿಕಥೆಯನ್ನೂ ಜೋಡಿಸಿಯೇ ಇಟ್ಟಿದೆ, ಆದ್ದರಿಂದ ಯಕ್ಷಗಾನ ಮೊದಲನೆಯದು. ಎರಡನೆಯ ಪ್ರಶ್ನೆಗೆ ಕಾಗದದ ಮೇಲೆ ಆರು ಮನೆಗಳ ಪಟ್ಟಿ ಎಳೆದು ತುಂಬಿಸುತ್ತಿದ್ದೇನೆ, ಸ್ವಲ್ಪ ಹೊತ್ತಿನಲ್ಲಿ ಅದರ ಚಿತ್ರವನ್ನು ಕಳುಹಿಸುತ್ತೇನೆ.

ನಾನು: ಭಾವ, ಈ ಕ್ರಮವನ್ನು ನೋಡಿ: ಗಮಕ, ಹರಿಕಥೆ, ವೀಣೆ, ಕೊಳಲು, ಭರತನಾಟ್ಯ, ಯಕ್ಷಗಾನ. ಇಲ್ಲಿ ಹರಿಕಥೆ ವೀಣೆಗಿಂತ ಮುಂಚೆ ಇದೆ, ಯಕ್ಷಗಾನ ಕೊನೆಯಲ್ಲಿದೆ, ನಾಲ್ಕು ನಿಯಮಗಳಲ್ಲಿ ಒಂದೂ ಮುರಿದಿಲ್ಲ. ಹಾಗಾಗಿ ಯಕ್ಷಗಾನದ ಸ್ಥಾನವನ್ನು ಹೇಳಲಾಗದು ಎಂಬುದೇ ಸರಿಯಾದ ಉತ್ತರ.

ಚಿಕ್ಕಮ್ಮ: ನಾನು ಅಳಿಯಂದಿರ ಪಕ್ಷ. ‘ಮನೆಪಾಠ ಮುಗಿಸಿದರೆ ಆಟಕ್ಕೆ ಬಿಡುತ್ತೇನೆ’ ಎಂದು ಮಗುವಿಗೆ ಹೇಳಿದಾಗ, ಮುಗಿಸದಿದ್ದರೆ ಬಿಡುವುದಿಲ್ಲ ಎಂಬುದು ಮಗುವಿಗೂ ಅರ್ಥವಾಗುತ್ತದೆ, ಬೀದಿಯಲ್ಲಿ ಆಡುತ್ತಿರುವ ಮಗುವನ್ನು ಕಂಡ ಪಕ್ಕದ ಮನೆಯವರಿಗೂ ಪಾಠ ಮುಗಿದಿದೆಯೆಂದು ಗೊತ್ತಾಗುತ್ತದೆ. ನಮ್ಮ ಮಾತು ಎರಡೂ ಕಡೆಗೆ ನಡೆಯುತ್ತದೆ. ಈ ನಿಯಮ ಮಾತ್ರ ಏಕೆ ಒಂದೇ ಕಡೆಗೆ ನಡೆಯಬೇಕು?

ನಾನು: ಚಿಕ್ಕಮ್ಮ, ನಿಮ್ಮ ಮಾತು ಎರಡೂ ಕಡೆಗೆ ನಡೆಯುವುದು ಮಗುವಿಗೆ ನಿಮ್ಮ ಸ್ವಭಾವ ಗೊತ್ತಿರುವುದರಿಂದ, ವಾಕ್ಯದ ಬಲದಿಂದಲ್ಲ. ‘ಮುಗಿಸಿದರೆ ಮಾತ್ರ ಬಿಡುತ್ತೇನೆ’ ಎಂದಿದ್ದರೆ ಆ ಇನ್ನೊಂದು ಅರ್ಥವೂ ವಾಕ್ಯದೊಳಗೇ ಬರುತ್ತಿತ್ತು. ಇಲ್ಲಿ ಹಬ್ಬವನ್ನು ನಡೆಸುವವರು ಯಾರು, ಅವರ ಮನಸ್ಸಿನಲ್ಲಿ ಏನಿದೆ ಎಂಬುದು ನಮಗೆ ತಿಳಿಯದು, ನಮ್ಮ ಕೈಯಲ್ಲಿರುವುದು ಬರೆದ ಮಾತು ಮಾತ್ರ. ಆ ಮಾತನ್ನು ತಿರುಗಿಸಿ ಓದಲು ಒಂದೇ ದಾರಿಯಿದೆ: ಹರಿಕಥೆ ವೀಣೆಯಾದ ಮೇಲೆ ಬಂದರೆ ಯಕ್ಷಗಾನ ಮೊದಲನೆಯದಾಗಲಾರದು, ಆದ್ದರಿಂದ ಅದು ಕೊನೆಯದು. ಅದಕ್ಕಿಂತ ಹೆಚ್ಚಿನದನ್ನು ಆ ವಾಕ್ಯದಿಂದ ಹಿಂಡಬಾರದು ಎಂದು ನಾನು ಪಟ್ಟುಹಿಡಿದು ಹೇಳುತ್ತೇನೆ.

ದೊಡ್ಡಪ್ಪ: ಬರೆದ ಮಾತನ್ನೇ ಹಿಡಿಯುವುದಾದರೆ ಪೂರ್ತಿಯಾಗಿ ಹಿಡಿಯಬೇಕು. ‘ಅನಂತರ’ ಎಂಬುದು ಅಂತರವಿಲ್ಲದೆ ಎಂಬ ಅರ್ಥದ ಸಂಸ್ಕೃತ ಪದ. ಅದನ್ನು ‘ನಂತರ’ ಎಂದು ಮೊಟಕು ಮಾಡಿದವರು ಅರ್ಥವನ್ನೂ ಕಳೆದುಕೊಂಡರು ಎಂದು ತರಗತಿಯಲ್ಲಿ ನಾನು ಎಷ್ಟು ಬಾರಿ ಹೇಳಿದ್ದೇನೋ ಲೆಕ್ಕವಿಲ್ಲ. ವೀಣೆಯ ಅನಂತರ ಕೊಳಲು ಎಂದಮೇಲೆ ಅವೆರಡರ ನಡುವೆ ಬೇರೇನೂ ಬರುವಂತಿಲ್ಲ. ಸಮಸ್ಯೆಯನ್ನು ಬರೆದವರು ಪದವನ್ನು ಸರಿಯಾಗಿ ಬಳಸಿದ್ದಾರೆ, ನೀವೆಲ್ಲ ಅದನ್ನು ಸಡಿಲವಾಗಿ ಓದುತ್ತಿದ್ದೀರಿ.

ಅಕ್ಕ: ದೊಡ್ಡಪ್ಪ, ಪದದ ಮೂಲದ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಇದೇ ಸಮಸ್ಯೆಯಲ್ಲಿ ಗಮಕಕ್ಕೂ ಹರಿಕಥೆಗೂ ‘ಮುಗಿದ ಕೂಡಲೇ’ ಎಂದು ಬೇರೆ ಮಾತನ್ನು ಬಳಸಿದ್ದಾರೆ. ಪಕ್ಕಪಕ್ಕದಲ್ಲಿ ಇರಬೇಕು ಎನ್ನುವಾಗ ಹಾಗೆ ಬರೆದವರು, ಅದೇ ಅರ್ಥಕ್ಕೆ ಮೇಲಿನ ಸಾಲಿನಲ್ಲಿ ಇನ್ನೊಂದು ಪದವನ್ನು ಇಟ್ಟಿರಲಾರರು. ನಿಮ್ಮಂತೆ ಓದಿದರೆ ಮೂರು ಕ್ರಮಗಳು, ಬಳಕೆಯ ಅರ್ಥದಲ್ಲಿ ಓದಿದರೆ ಐದು ಕ್ರಮಗಳು ಸಿಗುತ್ತವೆ. ಇವತ್ತಿನ ಎರಡು ಪ್ರಶ್ನೆಗಳಿಗೆ ಉತ್ತರ ಬದಲಾಗುವುದಿಲ್ಲ. ‘ಭರತನಾಟ್ಯ ಐದನೆಯದಾದರೆ ಮೊದಲನೆಯದು ಯಾವುದು’ ಎಂದು ಕೇಳಿದ್ದರೆ ಮಾತ್ರ ನಮ್ಮಿಬ್ಬರ ಉತ್ತರ ಬೇರೆಯಾಗುತ್ತಿತ್ತು.

ದೊಡ್ಡಪ್ಪ: ‘ಕೂಡಲೇ’ ಎಂಬುದನ್ನು ನಾನು ಗಮನಿಸಲಿಲ್ಲ. ಈ ಸಮಸ್ಯೆಯ ಮಟ್ಟಿಗೆ ನಿನ್ನ ವಾದವನ್ನು ಒಪ್ಪಿದೆ.

ಭಾವ: (ಚಿತ್ರ) ಪಟ್ಟಿ ಸಿದ್ಧವಾಗಿದೆ. ಮೊದಲ ಉತ್ತರವನ್ನು ಹಿಂತೆಗೆದುಕೊಳ್ಳುತ್ತೇನೆ, ಕೊಳಲು ಮೂರನೆಯ ಮನೆಯಲ್ಲಿ ಎಲ್ಲಿಯೂ ಕೂರುವುದಿಲ್ಲ ಎಂಬುದೂ ಕಾಣುತ್ತಿದೆ. ಒಂದು ಮಾತನ್ನು ಮಾತ್ರ ಬಿಟ್ಟುಕೊಡಲಾರೆ. ಇಂಥ ಸಮಸ್ಯೆಯನ್ನು ಪಟ್ಟಿ ಎಳೆಯದೆ ಬಿಡಿಸಲು ಸಾಧ್ಯವಿಲ್ಲ. ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶಕ್ಕೆ ನಡೆಯುವ ಎಲ್‌ಸ್ಯಾಟ್ ಪರೀಕ್ಷೆಯ ಒಂದು ಭಾಗದಲ್ಲಿ 35 ನಿಮಿಷಗಳಲ್ಲಿ ಇಂಥ ನಾಲ್ಕು ಸಮಸ್ಯೆಗಳನ್ನು ಬಿಡಿಸಬೇಕಿತ್ತು, ಮಗಳು ಒಂದೊಂದಕ್ಕೂ ಪಟ್ಟಿ ಎಳೆದೇ ಅಭ್ಯಾಸ ಮಾಡಿದಳು. ಆ ಭಾಗವನ್ನು ತೆಗೆದುಹಾಕಿದ್ದು ನಷ್ಟವೆಂದೇ ನನ್ನ ಅಭಿಪ್ರಾಯ.

ಅಕ್ಕ: ತೆಗೆದದ್ದು ಏಕೆಂಬುದನ್ನೂ ಹೇಳಬೇಕು. ಮಿಷಿಗನ್‌ನ ದೃಷ್ಟಿಹೀನ ಅಭ್ಯರ್ಥಿಯೊಬ್ಬರು, ಕಣ್ಣಿದ್ದವರು ಪಟ್ಟಿ ಎಳೆದು ಬಿಡಿಸುವ ಪ್ರಶ್ನೆಗಳಿಂದ ತಮ್ಮನ್ನು ಅಳೆಯುವುದು ನ್ಯಾಯವಲ್ಲವೆಂದು 2011ರಲ್ಲಿ ನ್ಯಾಯಾಲಯಕ್ಕೆ ಹೋದರು. 2019ರಲ್ಲಿ ರಾಜಿಯಾಯಿತು. 2024ರ ಆಗಸ್ಟ್‌ನಿಂದ ಆ ಭಾಗವಿಲ್ಲ.

ಮಾವ: ಅಳಿಯಂದಿರೇ, ನಿಮ್ಮ ಪಟ್ಟಿ ಬಂದಾಗ ನನ್ನ ಫೋನು ‘ಚಿತ್ರ’ ಎಂದಷ್ಟೇ ಓದಿತು. ನನಗೆ ಕಣ್ಣು ಕಾಣದಾಗಿ ಹನ್ನೊಂದು ವರ್ಷಗಳಾದವು, ಪಟ್ಟಿ ಎಳೆಯುವುದು ನನ್ನಿಂದಾಗದು. ಆದರೂ ಎರಡನೆಯ ಪ್ರಶ್ನೆಯನ್ನು ನಿಮ್ಮ ಚಿತ್ರ ಬರುವ ಮೊದಲೇ ಬಿಡಿಸಿಕೊಂಡಿದ್ದೆ. ಕೊಳಲಿಗಿಂತ ಮುಂಚೆ ಯಾವುವು ಬರಬಹುದು ಎಂದು ಎಣಿಸಿದೆ. ವೀಣೆ ಬಂದೇ ಬರುತ್ತದೆ. ಭರತನಾಟ್ಯ ಬರುವಂತಿಲ್ಲ. ಗಮಕ ಹರಿಕಥೆಗಳು ಬಂದರೆ ಜೋಡಿಯಾಗಿ ಬರಬೇಕು, ಒಂದೇ ಬರಲಾರದು. ಇನ್ನುಳಿದ ಯಕ್ಷಗಾನ ಕೊಳಲಿಗಿಂತ ಮುಂಚೆ ಬರಬೇಕಾದರೆ ಮೊದಲನೆಯದೇ ಆಗಬೇಕು, ಹಾಗಾದಾಗ ಹರಿಕಥೆ ವೀಣೆಗಿಂತ ಮುಂಚೆ ಇರಬೇಕು, ಅಂದರೆ ಆ ಜೋಡಿಯೂ ಜೊತೆಯಲ್ಲೇ ಬರುತ್ತದೆ. ಆದ್ದರಿಂದ ಕೊಳಲಿಗಿಂತ ಮುಂಚೆ ಒಂದು, ಮೂರು ಅಥವಾ ನಾಲ್ಕು ಕಾರ್ಯಕ್ರಮಗಳು ಇರಬಹುದೇ ಹೊರತು ಎರಡು ಇರಲಾರವು. ಕೊಳಲು ಎರಡನೆಯದಾಗಬಹುದು, ನಾಲ್ಕನೆಯದಾಗಬಹುದು, ಐದನೆಯದಾಗಬಹುದು, ಮೂರನೆಯದಾಗಲಾರದು.

ನಾನು: ಮಾವ, ಪಟ್ಟಿ ‘ಮೂರನೆಯ ಮನೆ ಖಾಲಿ’ ಎಂದು ತೋರಿಸುತ್ತದೆಯಷ್ಟೇ. ನೀವು ಅದು ಖಾಲಿಯಾಗಲು ಕಾರಣವನ್ನೇ ಹೇಳಿದ್ದೀರಿ, ನಾನು ಹುಡುಕುತ್ತಿದ್ದದ್ದು ಅದನ್ನೇ.

ಭಾವ: ಮಾವ, ಚಿತ್ರವನ್ನು ಹಾಗೇ ಹಾಕಿದ್ದಕ್ಕೆ ಕ್ಷಮಿಸಿ. ನಿಮ್ಮ ವಾದವನ್ನು ಪರೀಕ್ಷಿಸಲು ನಾಲ್ಕನೆಯ ನಿಯಮವನ್ನು ತೆಗೆದು ನೋಡಿದೆ: ಯಕ್ಷಗಾನ, ವೀಣೆ, ಕೊಳಲು, ಭರತನಾಟ್ಯ, ಗಮಕ, ಹರಿಕಥೆ. ಕೊಳಲು ಮೂರನೆಯದಾಯಿತು. ಅಂದರೆ ಅದನ್ನು ತಡೆಯುತ್ತಿರುವುದು ನಾಲ್ಕನೆಯ ನಿಯಮವೇ, ಅದೇ ನಿಯಮವನ್ನು ನಾನು ತಿರುಗುಮುರುಗಾಗಿ ಓದಿದ್ದೆ. ಆದರೂ ಒಟ್ಟು ಐದೇ ಕ್ರಮಗಳು ಎಂದು ಪಟ್ಟಿಯಿಲ್ಲದೆ ಹೇಗೆ ಹೇಳುವಿರಿ?

ಮಾವ: ವೀಣೆ, ಕೊಳಲು, ಭರತನಾಟ್ಯ ಈ ಸಾಲಿನಲ್ಲಿ ಗಮಕ ಹರಿಕಥೆಗಳ ಜೋಡಿಯನ್ನು ಸೇರಿಸಲು ನಾಲ್ಕು ಜಾಗಗಳಿವೆ: ಮೊದಲು, ಎರಡು ನಡುಜಾಗಗಳು, ಕೊನೆ. ಯಕ್ಷಗಾನ ಕೊನೆಯದಾದರೆ ನಾಲ್ಕೂ ಸಲ್ಲುತ್ತವೆ, ಮೊದಲನೆಯದಾದರೆ ಒಂದೇ ಸಲ್ಲುತ್ತದೆ.

ಭಾವ: ಒಪ್ಪಿದೆ. ಚಿತ್ರವನ್ನು ಅಳಿಸಿ, ಅದರಲ್ಲಿದ್ದುದನ್ನು ನಿಮ್ಮ ಫೋನು ಓದುವಂತೆ ಬರೆಯುತ್ತಿದ್ದೇನೆ. ಯಕ್ಷಗಾನ ಕೊನೆಯದಾದಾಗ ಅದಕ್ಕೆ ಮುಂಚಿನ ಐದು ಹೀಗೆ: ಗಮಕ, ಹರಿಕಥೆ, ವೀಣೆ, ಕೊಳಲು, ಭರತನಾಟ್ಯ. ಅಥವಾ ವೀಣೆ, ಗಮಕ, ಹರಿಕಥೆ, ಕೊಳಲು, ಭರತನಾಟ್ಯ. ಅಥವಾ ವೀಣೆ, ಕೊಳಲು, ಗಮಕ, ಹರಿಕಥೆ, ಭರತನಾಟ್ಯ. ಅಥವಾ ವೀಣೆ, ಕೊಳಲು, ಭರತನಾಟ್ಯ, ಗಮಕ, ಹರಿಕಥೆ. ಯಕ್ಷಗಾನ ಮೊದಲನೆಯದಾದರೆ ಅದರ ಹಿಂದೆ ಗಮಕ, ಹರಿಕಥೆ, ವೀಣೆ, ಕೊಳಲು, ಭರತನಾಟ್ಯ.