ಸಹಾಯ ಬೇಕು: ಬಾಣಂತಿಯ ಮನಸ್ಸು ವಿಚಾರಿಸೋ ಮಾತು

ಆಶಾ ಅಕ್ಕಂದಿರೇ, ಹೆರಿಗೆಯಾದ 3, 7, 14, 21, 28, 42ನೇ ದಿನದ ಮನೆಭೇಟಿಯಲ್ಲಿ ಕೂಸಿನ ತೂಕ, ಜ್ವರ ನೋಡ್ತೀರಿ. ಜೊತೆಗೇ ತಾಯಿಯ ಮನಸ್ಸನ್ನೂ ವಿಚಾರಿಸಲು, ಹೆರಿಗೆ ನಂತರದ ಖಿನ್ನತೆಯನ್ನು (ಮನಸ್ಸು ಕುಗ್ಗುವ ಕಾಯಿಲೆ) ಗುರುತಿಸುವ ಎಡಿನ್‌ಬರೋ ಮಾಪಕದ 10 ಪ್ರಶ್ನೆ ಇವೆ. 30ಕ್ಕೆ 13 ಅಥವಾ ಹೆಚ್ಚು ಅಂಕ ಬಂದರೆ ವೈದ್ಯರಿಗೆ ತೋರಿಸಬೇಕು. ತೊಡಕು ಏನಂದ್ರೆ, ಅಮ್ಮನೋ ಅತ್ತೆಯೋ ಪಕ್ಕದಲ್ಲೇ ಕೂತಿದ್ದರೆ ಎಲ್ಲದಕ್ಕೂ "ಚೆನ್ನಾಗಿದೀನಿ" ಅನ್ನೋ ಉತ್ತರವೇ. ಅವರು ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವ ಹೊತ್ತಲ್ಲಿ ಕೇಳಿದರೆ ಬಾಣಂತಿ ಬಾಯಿ ಬಿಡ್ತಾಳೆ.

"ಖಿನ್ನತೆ" ಅಂದರೆ ಎಷ್ಟೋ ಜನಕ್ಕೆ ತಲುಪೋದಿಲ್ಲ. ನಿಮ್ಮ ಕಡೆ ಬಾಣಂತಿಯರು ಏನಂತಾರೆ? ಮನಸ್ಸು ಭಾರ, ಯಾವುದೂ ಬೇಡ, ಕೂಸು ಅತ್ತರೂ ಏಳಂಗಾಗಲ್ಲ? ಅವರದೇ ಮಾತನ್ನು ಜಿಲ್ಲೆಯ ಹೆಸರಿನೊಂದಿಗೆ ಇಲ್ಲಿ ಬರೆಯಿರಿ.

10ನೇ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅದಕ್ಕೆ ಹೌದು ಅಂದರೆ ಅಂಕ ಕೂಡಿಸುತ್ತ ಕೂರಬೇಡಿ; ಒಬ್ಬಳನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಕರೆ ಮಾಡಿ.